ಜೀತು ಕೊಡದ ಮುಡಿ

ಸಾಸಿವೆ ಎಣ್ಣೆಯ ಘಾಟು ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಶ್ರೀರಂಗಪಟ್ಟಣದ ನಮ್ಮ ಹಳೇ ಮನೆಯ ಜಗುಲಿ ಕಣ್ಣಿಗೆ ಬರುತ್ತದೆ. ಹೆದ್ದಾರಿ ಅಗಲವಾದಾಗ ಆ ಮನೆ ರಸ್ತೆಯಡಿ ಹೋಯಿತು. ನಿಮ್ಮ ಮನೆಯೂ ಹಾಗೆ ಹೋಗಿದ್ದರೆ, ಬಸ್ಸಿನಲ್ಲಿ ಕೂತು ಅದರ ಮೇಲೇ ಹಾದುಹೋಗುವ ಸಂಕಟ ನಿಮಗೆ ಗೊತ್ತಿರುತ್ತದೆ. ತೊಂಬತ್ತರ ದಶಕದ ಆರಂಭದಲ್ಲಿ ಅದರ ಹೊರಕೋಣೆಯಲ್ಲಿ ಒಬ್ಬರು ಸರ್ದಾರ್ಜಿ ಬಾಡಿಗೆಗಿದ್ದರು. ಲಾರಿಗಳ ಅಡಿಯ ಸ್ಪ್ರಿಂಗು, ಅಂದರೆ ಕಮಾನುಪಟ್ಟಿ, ಕಟ್ಟುವ ಕೆಲಸ ಅವರದು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನು ಇವತ್ತು ಯಾರ ಮುಂದೆಯೂ ಕೈಚಾಚದೆ ಬದುಕಿದ್ದರೆ, ಅದು ಅವರು ಕಲಿಸಿದ ಕಸುಬಿನಿಂದ. ಭಾನುವಾರ ಅವರ ಹೆಂಡತಿ ಆರು ವರ್ಷದ ಮಗ ಜೀತುವನ್ನು ಜಗುಲಿಯಲ್ಲಿ ಕೂರಿಸಿ, ಸೊಂಟಕ್ಕಿಳಿಯುವ ಕೂದಲಿಗೆ ಎಣ್ಣೆ ಹಚ್ಚಿ ಬಾಚುತ್ತಿದ್ದರು. ನಮ್ಮಜ್ಜಿ ರೇಗಿಸುತ್ತಿದ್ದಳು: "ಲೋ ಸಿಂಗಪ್ಪ, ಆ ತಲೇಲಿ ಹೇನು ಬಿದ್ರೆ ದಾರಿ ಸಿಗ್ದೆ ಸಾಯ್ತದೆ ಕಣ್ಲಾ!" ಸರ್ದಾರ್ಜಿ ಗಡ್ಡ ಅಲುಗುವಂತೆ ನಗುತ್ತಿದ್ದರು: "ಸಾಯ್ಲಿ ಬುಡವ್ವ."

ಆ ವರ್ಷ ಜೀತುವಿಗೆ ಬಿಡದ ಜ್ವರ ಬಂತು. ಮಗು ಉಳಿದರೆ ಮುಡಿ ಕೊಡಿಸುತ್ತೇನೆಂದು ಅಜ್ಜಿ ಹೇಮಗಿರಿಯ ದೇವರಿಗೆ ಹರಕೆ ಹೊತ್ತಳು. ನಮ್ಮ ಕಡೆ ಮಕ್ಕಳ ಜೀವಕ್ಕೆ ಕೇಡು ಬಂದಾಗ ಹೊರುವ ಹರಕೆಯೇ ಅದು. ತೀರಿಸುವ ಮೊದಲು ಬಾಯಿಬಿಟ್ಟರೆ ಫಲವಿಲ್ಲವೆಂದು ಯಾರಿಗೂ ಹೇಳಲಿಲ್ಲ. ಮಗು ಉಳಿಯಿತು. "ಏಮಗಿರಿ ಒಳೆ ನೋಡ್ಕಂಡ್ ಬತ್ತೀವಿ" ಎಂದು ಅವರಪ್ಪ ಅಮ್ಮನಿಗೆ ಹೇಳಿ ಜೀತುವನ್ನೂ ನನ್ನನ್ನೂ ಬಸ್ಸು ಹತ್ತಿಸಿದಳು. ನದಿ ದಂಡೆಯಲ್ಲಿ ಕ್ಷೌರದವನು ಜುಟ್ಟು ಬಿಚ್ಚಿದ್ದೇ ತಡ, ಜೀತು ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಚೀರಿದ. "ಕೈ ಇಡ್ಕಳ್ಲಾ" ಎಂದಳು ಅಜ್ಜಿ. ನಾನು ಹಿಡಿದುಕೊಂಡೆ.

ಸಂಜೆ, ಗಂಧ ಬಳಿದ ಬೋಳುತಲೆಯ ಮಗನನ್ನು ಕಂಡು ತಾಯಿ ಗೋಡೆ ಹಿಡಿದು ಕುಸಿದರು. ಅಜ್ಜಿಯ ಮುಖದ ನಗು ಇನ್ನೂ ಆರಿರಲಿಲ್ಲ. "ಅರ್ಕೆ ತೀರ್ತು ಕಣ್ಲಾ ಸಿಂಗಪ್ಪ" ಎಂದಳು. ಸರ್ದಾರ್ಜಿಯ ಕೈಯಿಂದ ಸುತ್ತಿಗೆ ಜಾರಿತು. ಬಯ್ಯಲಿಲ್ಲ. ಮಗನನ್ನು ಹತ್ತಿರ ಎಳೆದುಕೊಂಡು ಹೇಳಿದರು: "ಎಂಬತ್ನಾಕ್ರಲ್ಲಿ ದಿಲ್ಲೀಲಿ ನಮ್ಮೋರ್ನೆಲ್ಲ ಉಡ್ಕಿ ಉಡ್ಕಿ ಕೊಂದ್ರಲ್ಲವ್ವ, ಆಗ ನಮ್ಮಣ್ಣನ ಮುಂದೆ ಕತ್ತರಿ ಇಡುದ್ರು. ಕೂದ್ಲು ಕತ್ತರಿಸ್ಕೋ, ಬುಟ್ಬುಡ್ತೀವಿ ಅಂದ್ರು. ಒಲ್ಲೆ ಅಂದ. ಸುಟ್ಬುಟ್ರು. ನಾನು ಕತ್ತರಿಸ್ಕಂಡೆ. ಬದ್ಕಿವ್ನಿ."

ಅಜ್ಜಿ ಜಗುಲಿಯಂಚಿನಲ್ಲಿ ಕೂತುಬಿಟ್ಟಳು. ಜೀತುವಿನ ಮಣಿಕಟ್ಟಿನಲ್ಲಿ ನನ್ನ ಉಗುರಿನ ಗುರುತು ಕಂಡು ಸರ್ದಾರ್ಜಿ ನನ್ನತ್ತ ತಿರುಗಿದರು.

"ಬ್ಯಾಡ ಅಂದ್ನಾ?"

"ಅಂದ."

"ಎಷ್ಟೊತ್ತು?"

"ಮುಗಿಯೋಗಂಟ್ಲೂ."

ಅವರು ತಮ್ಮ ಪೇಟ ಬಿಚ್ಚಿ, ಅದರ ಸೆರಗು ಹರಿದು ಮಗನ ಬೋಳುತಲೆಗೆ ಸುತ್ತಿದರು. "ಇವ್ನು ನಮ್ಮಣ್ಣನಂಗೆ" ಎಂದು ಆ ಪುಟ್ಟ ತಲೆಗೆ ಹಣೆ ಒತ್ತಿ ಬಿಕ್ಕಿದರು. ಅಷ್ಟು ದೊಡ್ಡ ಗಂಡಸು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆಮೇಲೆಯೂ ಮೂರು ವರ್ಷ ನಮ್ಮಲ್ಲೇ ಇದ್ದರು. ಅಜ್ಜಿ ಜೀತುವಿಗೆ ರೊಟ್ಟಿ ತಟ್ಟಿಕೊಟ್ಟಳು, ಕತೆ ಹೇಳಿದಳು, ತಲೆ ಮಾತ್ರ ಮುಟ್ಟಲಿಲ್ಲ. ಅವರು ಊರು ಬಿಟ್ಟ ಬೆಳಗ್ಗೆ ಲಾರಿಗೆ ಸಾಮಾನು ತುಂಬಿದ ಮೇಲೆ ಹರಸಲೆಂದು ಕೈಯೆತ್ತಿದಳು. ಕೈ ಅರ್ಧದಲ್ಲೇ ನಿಂತಿತು, ಕೆಳಗಿಳಿಯಲೊಲ್ಲದು. ಹೆಗಲು ದಾಟಿದ ಕೂದಲು ಹರವಿಕೊಂಡಿದ್ದ ಜೀತು ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ತಾನೇ ತುದಿಗಾಲಲ್ಲಿ ನಿಂತು, ತಲೆಯನ್ನು ಆ ಅಂಗೈಗೆ ತಾಗಿಸಿದ.