ಕರೆಂಟ್ ಇಲ್ಲದೆ ಓಡಿದ ಮಗ್ಗ

ಆ ಮಧ್ಯಾಹ್ನ ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಕರೆಂಟ್ ಇರಲಿಲ್ಲ. ಆದರೂ ಮಗ್ಗದ ಸದ್ದು ಕೇಳಿಸಿತು. ಒಲೆ ಬಿಟ್ಟು ಓಡಿದೆ. ಮಗ್ಗ ನಿಂತೇ ಇತ್ತು. ಪಕ್ಕದಲ್ಲಿ ಮೈದುನ ಶೆಲ್ ಹಾಕಿದ ಟೇಪ್‌ರೆಕಾರ್ಡರ್ ಹಿಡಿದು ಕೂತಿದ್ದ. ಈ ಸದ್ದಿಗೆ ತಲೆ ಸಿಡಿಯುತ್ತದೆಂದು ಅಣ್ಣನ ಜೊತೆ ಜಗಳವಾಡಿ ಬೆಂಗಳೂರು ಸೇರಿದವನು. ಅಲ್ಲಿ ಯಾವುದೋ ನೆಲಮಾಳಿಗೆಯಲ್ಲಿ ಡಿಜೆ ಆಗಿದ್ದ.

"ನಮ್ ಮಗ್ಗಾನೇ ಅತ್ತಿಗೆ. ಹೋದ್ಸಲ ಬಂದಾಗ ರೆಕಾರ್ಡ್ ಮಾಡ್ಕೊಂಡಿದ್ದೆ. ಮ್ಯೂಸಿಕ್ ಜೊತೆ ಸೇರ್ಸಿ ಹಾಕಿದ್ರೆ ಜನ ಬೆವರು ಕಿತ್ಕೊಂಡು ಬರೋ ಹಂಗೆ ಕುಣೀತಾರೆ."

"ಇದಕ್ಕಾ?" ಎಂದೆ. ಹೆಮ್ಮೆಪಡಬೇಕೋ ಬೈಯಬೇಕೋ ತಿಳಿಯಲಿಲ್ಲ.

ಸಂಜೆ ಕರೆಂಟ್ ಬಂತು. ನಮ್ಮ ಯಜಮಾನರು ಮಗ್ಗ ಶುರು ಮಾಡಿದರು. ಮೈದುನ ಎರಡೂ ಕಿವಿ ಮುಚ್ಚಿಕೊಂಡು ಎದ್ದ, ಊಟಕ್ಕೂ ನಿಲ್ಲದೆ ಬಸ್‌ಸ್ಟ್ಯಾಂಡಿಗೆ ನಡೆದ.

ಈಗಲೂ ಮಗ್ಗದ ಮುಂದೆ ಕೂತಾಗ ಅನುಮಾನ ಬರುತ್ತದೆ. ಅವನಿಗೆ ಬೇಡವಾಗಿದ್ದದ್ದು ಈ ಸದ್ದೋ, ನಾವೋ?