ನೈವೇದ್ಯದ ಹೊತ್ತಿಗೆ ನಿಲ್ಲುತ್ತಿದ್ದ ಕಂಪ್ಯೂಟರ್

ಅನ್ನಪೂರ್ಣೆಯನ್ನು ನಂಬಿದವರೆಲ್ಲರೊಂದಿಗೆ ಇದನ್ನು ಹಂಚಿಕೊಳ್ಳಬೇಕೆನಿಸಿತು. ಕಳೆದ ಕಾರ್ತಿಕದಲ್ಲಿ ಮೈಸೂರಿನ ನನ್ನ ಅಕ್ಕ ಪದ್ಮಳಿಗೆ ಹಾರ್ಟ್ ಆಪರೇಷನ್ ಗೊತ್ತಾಯಿತು. ಕಾನ್ವೆಂಟಿನ ದಿನಗಳಲ್ಲಿ ನನಗೆ ಜಡೆ ಹೆಣೆದು ಪ್ರೇಯರ್‌ಗೆ ಎಳೆದೊಯ್ಯುತ್ತಿದ್ದವಳು ಅವಳು. ಥಿಯೇಟರ್ ಒಳಗೆ ಹೋಗುವ ಮುಂಚೆ ಕಾಶಿಯ ನಮ್ಮ ಮನೆಯ ಮಂಗಳಾರತಿ ನೋಡಬೇಕೆಂಬುದೊಂದೇ ಅವಳ ವಿಶ್.

ಹನುಮಾನ್ ಘಾಟ್‌ನ ನಮ್ಮ ಮನೆಯಿಂದ ದಿನವೂ ಪೂಜೆಯ ಹೊತ್ತಿಗೆ ಅವಳಿಗೆ ವಿಡಿಯೋ ಕಾಲ್. ಲ್ಯಾಪ್‌ಟಾಪ್ ದೇವರ ಕಡೆ ತಿರುಗಿರುತ್ತಿತ್ತು. ಅಕ್ಕನ ಮುಖ ನನಗೆ ಕಾಣಲೆಂದು ಅದಕ್ಕೆ ಟಿವಿ ಜೋಡಿಸಿದ್ದೆವು. ಆದರೆ ನೈವೇದ್ಯವಾಗಿ ಆರತಿ ಎತ್ತುವಷ್ಟರಲ್ಲಿ ಕಾಲ್ ಕಟ್, ಲ್ಯಾಪ್‌ಟಾಪ್ ಸ್ತಬ್ಧ. ಸೊಸೆ ವಾರಿಜಾ ಸಾಫ್ಟ್‌ವೇರ್ ಕಲಿತವಳು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ತೆರೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಡ್ರೈವರ್ ಎಲ್ಲೋ ತಪ್ಪಿ, ಇಡೀ ಯಂತ್ರ ನಡೆಸುವ ಕರ್ನೆಲ್ಲನ್ನೇ ಕೆಡವುತ್ತಿದೆ ಎಂದಳು. ಅವಳ ಮೇಜಿನ ಮೇಲಿಟ್ಟರೆ ಮಾತ್ರ ಏನೂ ಆಗದು. ತಪ್ಪು ಕಣ್ಣಿಗೆ ಬೀಳದೆ ರಿಪೇರಿ ಹೇಗೆ?

ಆಪರೇಷನ್ ಹತ್ತಿರವಾಯಿತು. ಅನ್ನಪೂರ್ಣೆಯ ಗುಡಿಯ ಕ್ಯೂನಲ್ಲಿ ನಿಂತು ಅತ್ತುಬಿಟ್ಟೆ. ತಾಯಿ, ಒಂದೇ ಒಂದು ಆರತಿ, ಪ್ಲೀಸ್ ಎಂದು ಬೇಡಿದೆ.

ಮರುದಿನ ಗ್ಯಾಸ್ ಮುಗಿಯಿತೆಂದು ಹೇಳಲು ಬಂದ ವಾರಿಜಾ ದೇವರಮನೆಯ ಬಾಗಿಲಲ್ಲೇ ನಿಂತುಬಿಟ್ಟಳು.

“ಅತ್ತೆ, ಆ ಕೋಲಿಂದ ಏನೆಳೆದ್ರಿ?”

“ಟಿವಿ ವೈರು. ನೈವೇದ್ಯಕ್ಕೆ ಪರದೆ ಹಾಕಬೇಡ್ವೇನೇ? ನಿನ್ನ ದೊಡ್ಡತ್ತೆ ಕಣ್ಣು ಬಿಟ್ಕೊಂಡು ನೋಡ್ತಿರ್ತಾಳೆ. ಮಡೀಲಿ ಮುಟ್ಟೋ ಹಾಗಿಲ್ಲ, ಅದಕ್ಕೆ ಕೋಲು.”

ನಕ್ಕೂ ನಕ್ಕೂ ಅವಳು ಗೋಡೆಗೊರಗಿದಳು. “ಯಹೀ ತೋ ಹೈ, ಅತ್ತೆ. ನಾನು ಹುಡುಕ್ತಿದ್ದ ತಪ್ಪು ಇದೇ. ಚಾಲೂ ಮಾಡ್ತೀನಿ, ಇನ್ನೊಂದ್ಸಲ ಎಳೀರಿ.”

ಅವಳು ಹೇಳಿದಾಗಲೆಲ್ಲ ಎಳೆದೆ. ವೈರ್ ಕಿತ್ತೊಡನೆ ಡ್ರೈವರ್ ಟಿವಿಗೆಂದಿಟ್ಟ ಮೆಮೊರಿಯನ್ನು ಬಿಟ್ಟುಕೊಡುತ್ತದಂತೆ. ಆಮೇಲೆ ಅದನ್ನು ಮರೆತು ಅಲ್ಲಿಗೇ ಚಿತ್ರ ಬರೆಯಲು ಹೋಗುತ್ತದಂತೆ. ಟಿವಿ ಇದೆಯೇ ಎಂದು ನೋಡಿಕೊಂಡೇ ಬರೆಯುವಂತೆ ವಾರಿಜಾ ಅದನ್ನು ತಿದ್ದಿದಳು. ನಾನು ಎಳೆಯದಿದ್ದರೆ ಸಾಲದೇ ಎಂದದ್ದಕ್ಕೆ, ನಿಮ್ಮಂತೆ ಎಳೆಯುವವರು ಲೋಕದಲ್ಲಿ ಬಹಳ ಜನ ಎಂದು ಆ ತಿದ್ದುಪಡಿಯನ್ನು ಡ್ರೈವರ್ ಬರೆದವರಿಗೂ ಕಳಿಸಿದಳು.

ಆಪರೇಷನ್ ದಿನ ವೈರ್ ಎಳೆದೆ. ಟಿವಿ ಕಪ್ಪಾಯಿತು. ಆರತಿ ಎತ್ತಿದರೆ, ಲ್ಯಾಪ್‌ಟಾಪಿನಿಂದ ಅಕ್ಕನ ನಡುಗುವ ದನಿಯೂ ನಮ್ಮ ಹಾಡಿಗೆ ಸೇರಿತು. ಪೂರ್ತಿ ಹಾಡಿಯೇ ಒಳಗೆ ಹೋದಳು. ಸುಖವಾಗಿ ಹೊರಗೂ ಬಂದಳು.

ಚೇತರಿಸಿಕೊಂಡ ಮೇಲೆ ಫೋನ್ ಮಾಡಿದಳು. “ವೈರ್ ಎಳೆದದ್ದು ವಾರಿಜಾ ಹೇಳಿದ್ಲು. ನೋಡೋದು ಲ್ಯಾಪ್‌ಟಾಪಿನ ಕ್ಯಾಮೆರಾ ಕಣೇ, ನಿನ್ನ ಟಿವಿ ಅಲ್ಲ. ಆವತ್ತು ಡಾಕ್ಟರ್ ಉಪವಾಸ ಇರಿಸಿದ್ರು, ನೀನಿಟ್ಟ ಪಾಯಸಾನ ಕಣ್ತುಂಬ ನೋಡಿದೆ.”

ನಾನು ಪರದೆ ಹಾಕಿದೆನೆಂದುಕೊಂಡೆ. ತಾಯಿ ಹಾಕಲು ಬಿಡಲಿಲ್ಲ. ಹಸಿದ ಮಗಳೆದುರು ಅನ್ನಪೂರ್ಣೆ ಊಟ ಮರೆಮಾಡಿಯಾಳೇ? ಆಕೆಗೆ ಸಾವಿರ ಥ್ಯಾಂಕ್ಸ್. ಈಗ ನೈವೇದ್ಯಕ್ಕೆ ನಾನು ವೈರ್ ಎಳೆಯುವುದಿಲ್ಲ.