ಉಂಡು, ಬಲೆ

ಹುಲಿಗೆವ್ವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕೊಪ್ಪಳದ ಕಡೆಯಿಂದ ದುಡಿಯಲು ಬಂದ ಗಂಡ ದುರ್ಗಪ್ಪ ಮಣಿಪಾಲದ ಕಟ್ಟಡವೊಂದರ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದ. ಮಲ್ಪೆಯ ಬಂದರಿನಲ್ಲಿ ಮೀನು ಆರಿಸುವ ಕೆಲಸ ಸಿಕ್ಕರೆ ಸರಿ, ಇಲ್ಲವೆಂದರೆ ಗಂಟುಮೂಟೆ ಕಟ್ಟಬೇಕು. ಊರಿನಲ್ಲಾದರೂ ಯಾರು ಕಾದಿದ್ದಾರೆ?

ಮೊದಲ ದಿನವೇ ಎಡವಟ್ಟಾಯಿತು. ಕೆಲಸಕ್ಕೆ ಜನ ಆರಿಸುವ ಭೋಜ ಎಂಬವನ ಮುಂದೆ ನಿಂತು, ಕೆಲಸ ಐತೇನ್ರಿ ಎಂದಳು. ಅವನು ತುಳುವಿನಲ್ಲಿ, "ಉಂಡು, ಬಲೆ" ಎಂದ. ಉಂಡು ಬಂದು ಬಲೆ ಹಿಡಿಯಬೇಕು ಎಂದು ಇವಳ ಕಿವಿಗೆ ಕೇಳಿಸಿತು. ಎಷ್ಟು ಒಳ್ಳೆಯ ಮನುಷ್ಯ, ಹೊಟ್ಟೆಯ ಚಿಂತೆ ಮೊದಲು ಮಾಡುತ್ತಾನಲ್ಲ ಎಂದು ಗುಡಿಸಲಿಗೆ ಓಡಿ, ಹಿಂದಿನ ದಿನದ ಒಣ ರೊಟ್ಟಿ ನುಂಗಿ ಬಂದಳು. ಅಷ್ಟರಲ್ಲಿ ಅವಳ ಜಾಗದಲ್ಲಿ ಬೇರೊಬ್ಬಳು ಕೂತಿದ್ದಳು. ಉಂಡು ಬಾ ಅಂದಿರಲ್ರಿ ಎಂದು ಇವಳು ಕೇಳಿದ್ದಕ್ಕೆ ಸುತ್ತಲಿದ್ದವರೆಲ್ಲ ನಕ್ಕರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ ಇರಬೇಕು. ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು.

ಅಲ್ಲೇ ಬುಟ್ಟಿ ಇಟ್ಟುಕೊಂಡಿದ್ದ ಮೀನು ಮಾರುವ ಅಪ್ಪಿ, ನಗು ಮುಗಿದ ಮೇಲೆ ಕರೆದು ಕೂರಿಸಿದಳು. "ಎಂತ ಮಾರಾಯ್ತಿ, ಉಂಡು ಅಂದರೆ ಉಂಟು ಅಂತ. ಬಲೆ ಅಂದರೆ ಬನ್ನಿ ಅಂತ. ನಾಳೆಯಿಂದ ನಿನ್ನ ಹತ್ತಿರ ನಾನು ಕನ್ನಡ ಮಾತಾಡುವುದಿಲ್ಲ."

ಮಾತಿಗೆ ತಪ್ಪಲಿಲ್ಲ ಮುದುಕಿ. 'ಕನಲೆ' ಎಂದರೆ ಬುಟ್ಟಿ ತರಬೇಕು, 'ಪೋಲೆ' ಎಂದರೆ ಹೋಗಬೇಕು. 'ಬೇಲೆ' ಎಂದರೆ ಕೆಲಸ, 'ಇಜ್ಜಿ' ಎಂದರೆ ಇಲ್ಲ. ತಪ್ಪಿದರೆ ಬುಟ್ಟಿ ಮತ್ತೆ ಮೊದಲಿನ ಜಾಗಕ್ಕೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಹುಲಿಗೆವ್ವ ಬುಟ್ಟಿ ಹೊತ್ತು ಓಡಾಡಿದಳು. ದಾರಿಯಲ್ಲಿ ತನ್ನಷ್ಟಕ್ಕೇ ಗೊಣಗುತ್ತಾ ನಡೆದಳು. ಮಳೆಗಾಲದಲ್ಲಿ ಬೋಟುಗಳು ದಡ ಸೇರಿ ಕೆಲಸವೇ ನಿಂತಾಗ, ಕಲಿತದ್ದು ಬಾಯಿಂದ ಜಾರೀತೆಂಬ ದಿಗಿಲಿಗೆ ಮಂಜುಗಡ್ಡೆ ಕಾರ್ಖಾನೆಯ ಗೋಡೆಗೂ ತುಳು ಹೇಳಿದಳು. ಗಂಡನಿಗೆ ಇವಳ ತಲೆ ಕೆಟ್ಟಿತೋ ಎಂಬ ಅನುಮಾನ.

ಮಳೆ ಇಳಿದು ಬೋಟುಗಳು ಮತ್ತೆ ಕಡಲಿಗಿಳಿದ ಬೆಳಿಗ್ಗೆ ಭೋಜನ ಮುಂದೆ ಹೋಗಿ ನಿಂತಳು. ಅವನಿಗೆ ಹಳೆಯದೆಲ್ಲ ನೆನಪಿತ್ತು. ಸುತ್ತಲಿನವರಿಗೂ ಕೇಳಿಸುವಂತೆ ಕನ್ನಡದಲ್ಲೇ, "ಊಟ ಮಾಡಿ ಬಂದಿರಾ?" ಎಂದ.

"ಇಜ್ಜಿ," ಎಂದಳು ಹುಲಿಗೆವ್ವ. "ಬೇಲೆ ಉಂಡಾ?"

ನಗಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಭೋಜ ಅವಳನ್ನೇ ಒಮ್ಮೆ ನೋಡಿ, "ಉಂಡು, ಬಲೆ" ಎಂದ. ಈ ಸಲ ಅವಳು ಗುಡಿಸಲ ಕಡೆ ತಿರುಗಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಹೊಟ್ಟೆ ಚುರುಗುಡುತ್ತಿತ್ತು. ಬೆಳಗಿನಿಂದ ಇವಳದೇ ದಾರಿ ಕಾಯುತ್ತಿದ್ದ ದುರ್ಗಪ್ಪ, "ಉಂಡಿಯೇನ?" ಎಂದು ಕೇಳಿದ.

"ಉಂಡು," ಎಂದಳು, ಮುಖ ತುಂಬ ನಗುತ್ತಾ. ಅವಳು ಹೇಳಿದ್ದು ಕೆಲಸದ ಮಾತು.

ಅವನು ನೆಮ್ಮದಿಯಿಂದ ಗಡಿಗೆ ಎಳೆದುಕೊಂಡು, ಇವಳ ಪಾಲಿಗೆಂದು ಉಳಿಸಿದ್ದ ಗಂಜಿಯನ್ನೂ ಕುಡಿದುಬಿಟ್ಟ. ಹುಲಿಗೆವ್ವ ತಡೆಯಲಿಲ್ಲ. ನಾಳೆಯಿಂದ ಇವನಿಗೂ ತುಳು ಹೇಳಿಕೊಡಬೇಕು ಅಂದುಕೊಂಡಳು.